ಮೊದಲ ಸಾಲಿಗೊಂದು ಸೀಟು

ಬೀದಿದೀಪ ಇನ್ನೂ ಆರಿಲ್ಲ. ಹಳದಿ ವ್ಯಾನಿನ ಬಾಗಿಲು ತೆರೆದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು, ಐವತ್ತು ದಾಟಿದ ವ್ಯಕ್ತಿಯೊಬ್ಬರು ಒದ್ದೆ ಬಟ್ಟೆಯಲ್ಲಿ ಏನನ್ನೋ ಉಜ್ಜುತ್ತಿದ್ದಾರೆ. ಗಾಜಲ್ಲ, ಕನ್ನಡಿಯಲ್ಲ. ಅವೆರಡರ ಮೇಲೂ ರಾತ್ರಿಯ ಇಬ್ಬನಿ ಹಾಗೇ ಇದೆ. ಅವರು ಒರೆಸುತ್ತಿರುವುದು ಡ್ರೈವರ್ ಸೀಟಿನ ಬೆನ್ನಿಗೆ ಬೋಲ್ಟ್ ಹಾಕಿ ಕೂರಿಸಿದ ಕಪ್ಪು ಹಲಗೆಯನ್ನು. ನಿನ್ನೆಯ ಲೆಕ್ಕದ ಕೊನೆಯ ಸಾಲು ಮಾಯವಾದ ಮೇಲೆಯೇ ಅವರು ಗಾಜಿನ ಕಡೆ ತಿರುಗುತ್ತಾರೆ.

ಮಕ್ಕಳಿಗೆ ಇವರು ವ್ಯಾನ್ ಮಾಮ. ಮಕ್ಕಳ ಅಪ್ಪ ಅಮ್ಮಂದಿರಿಗೂ ವ್ಯಾನ್ ಮಾಮ. ಶಾಲೆಯ ಕಾವಲುಗಾರನಿಗೂ ಅಷ್ಟೆ, ಅವನು ಇವರಿಗಿಂತ ಹತ್ತು ವರ್ಷ ದೊಡ್ಡವನಾದರೂ. ದಿನಕ್ಕೆ ಏಳು ಸ್ಟಾಪು, ಹದಿನೈದು ಮಕ್ಕಳು, ಒಂದು ಲೆಕ್ಕ. ಬೀಜಗಣಿತವೋ ರೇಖಾಗಣಿತವೋ, ಯಾರದೋ ಹೋಮ್‌ವರ್ಕಿನಲ್ಲಿ ಸಿಕ್ಕಿಬಿದ್ದ ಒಂದು ಲೆಕ್ಕ ಮೊದಲ ಸ್ಟಾಪಿನಲ್ಲಿ ವ್ಯಾನ್ ಹತ್ತುತ್ತದೆ, ಶಾಲೆಯ ಗೇಟಿನಲ್ಲಿ ಉತ್ತರವಾಗಿ ಇಳಿಯುತ್ತದೆ. ಒಂದು ಸ್ಟಾಪಿಗೆ ಒಂದೇ ಹೆಜ್ಜೆ. ಹತ್ತಿದ ಮಗು ಮೇಲಿನ ಸಾಲು ಯಾಕೆ ಹಾಗೆ ಬಂತು ಎಂದು ಹೇಳಬೇಕು, ಕೆಳಗೆ ತನ್ನದೊಂದು ಸಾಲು ಬರೆಯಬೇಕು, ಕೂರಬೇಕು. ಆಮೇಲೆ ವ್ಯಾನು ಹೊರಡುತ್ತದೆ.

“ನಿಂತಾಗ ಕೈ ಆಡ್ಬೇಕು, ಓಡುವಾಗ ತಲೆ ಆಡ್ಬೇಕು. ಓಡೋ ಗಾಡೀಲಿ ಚಾಕ್‌ಪೀಸ್ ಹಿಡಿದು ನಿಂತ್ಕೊಂಡ್ರೆ ನಾನು ಮಾತಾಡಲ್ಲ, ನನ್ನ ಬ್ರೇಕ್ ಮಾತಾಡುತ್ತೆ” ಎನ್ನುತ್ತಾರೆ ಮಾಮ.

ಇವತ್ತು ಮೊದಲ ಸ್ಟಾಪಿನಲ್ಲಿ ಕಾಯುತ್ತಿರುವವಳು ಹತ್ತನೇ ತರಗತಿಯ ಹುಡುಗಿ. ಎರಡು ಜಡೆ, ಹೆಗಲಿಗಿಂತ ಅಗಲವಾದ ಚೀಲ. ವ್ಯಾನಿನಲ್ಲಿ ಅವಳ ಹೆಸರು ಉತ್ತರಕ್ಕ. ಹತ್ತನೇ ತರಗತಿ ಎನ್ನುವುದೂ ಸದ್ಯಕ್ಕಷ್ಟೆ. ಒಂಬತ್ತರ ಗಣಿತದಲ್ಲಿ ಅವಳು ಫೇಲು. ಬರುವ ಸೋಮವಾರ ಮರುಪರೀಕ್ಷೆ ಇದೆ. ಅದರಲ್ಲಿ ಪಾಸಾದರೆ ಕೂತ ಬೆಂಚು ಉಳಿಯುತ್ತದೆ, ಇಲ್ಲವಾದರೆ ಮತ್ತೆ ಒಂಬತ್ತಕ್ಕೆ. ಅವಳ ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುತ್ತಾರೆ. ಒಂಬತ್ತಕ್ಕೆ ವಾಪಸಾದರೆ ಶಾಲೆ ಸಾಕು, ಪಕ್ಕದ ಮಷೀನಿಗೆ ಬಾ ಎಂದು ಮಗಳಿಗೆ ಹೇಳಿಬಿಟ್ಟಿದ್ದಾರೆ.

“ನಾನೇನು ಕಟುಕಿ ಅಲ್ಲ. ಒಂದೇ ಕ್ಲಾಸಿಗೆ ಎರಡು ಸಲ ಫೀಸು ಕಟ್ಟೋ ಶಕ್ತಿ ನನ್ನ ಸೂಜಿಗಿಲ್ಲ” ಎನ್ನುವಾಗ ಆ ತಾಯಿಯ ಕಣ್ಣು ಮಗಳ ಮೇಲಿಲ್ಲ, ನೆಲದ ಮೇಲಿದೆ.

ಉತ್ತರಕ್ಕ ವ್ಯಾನ್ ಹತ್ತಿ ಚಾಕ್‌ಪೀಸ್ ತೆಗೆದುಕೊಳ್ಳುತ್ತಾಳೆ. ಹಲಗೆ ಪೂರಾ ಖಾಲಿ. ಮಾಮ ಎಂಜಿನ್ ಆರಿಸಿ ಕಾಯುತ್ತಾರೆ. ಈ ಖಾಲಿ ಹಲಗೆಯ ಮುಂದೆ ಈ ಹುಡುಗಿ ಹೀಗೆ ನಿಲ್ಲುವುದಕ್ಕೆ ಒಂದು ಹಿನ್ನೆಲೆಯಿದೆ. ಅದು ಮಾಮನ ಹಿನ್ನೆಲೆಯೂ ಹೌದು.

ಮಾಮ ಓದಿದ್ದು ಒಂಬತ್ತರವರೆಗೆ. ಆಮೇಲೆ ಪಂಕ್ಚರ್ ಅಂಗಡಿ, ಆಮೇಲೆ ಲಾರಿಯ ಕ್ಲೀನರ್, ಆಮೇಲೆ ಅದೇ ಲಾರಿಯ ಡ್ರೈವರ್. ಒಂದು ಇಳಿಜಾರಿನಲ್ಲಿ ಲಾರಿ ಮಗುಚಿ ಎಡಮೊಣಕಾಲಿಗೆ ಕಬ್ಬಿಣದ ಪಟ್ಟಿ ಬಂತು. ದೂರದ ಓಡಾಟ ಆಗದು ಎಂದು ವೈದ್ಯರು ಹೇಳಿದರು. ಹೆಂಡತಿ ಹೊಲಿಗೆ ಮಷೀನ್ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾರಿ ಹಳೆಯ ವ್ಯಾನು ಕೊಡಿಸಿದರು. ಅದರ ಕ್ಲಚ್ಚು ಮಾಮನ ಮೊಣಕಾಲಿನಂತೆಯೇ ಚಳಿಗಾಲದಲ್ಲಿ ಹಟ ಮಾಡುತ್ತದೆ. “ಇಬ್ಬರಿಗೂ ಒಂದೇ ಎಣ್ಣೆ ಹಚ್ತೀನಿ” ಎಂದು ಹೆಂಡತಿ ಛೇಡಿಸುತ್ತಾರೆ. ಬೇಸಿಗೆ ರಜೆಯಲ್ಲಿ ಶಾಲೆ ಇರುವುದಿಲ್ಲ, ಬಾಡಿಗೆಯೂ ಇಲ್ಲ. ಆಗ ಇದೇ ವ್ಯಾನಿನ ಸೀಟು ಬಿಚ್ಚಿಟ್ಟು ಮನೆ ಬದಲಿಸುವವರ ಮಂಚ, ಬೀರು ಸಾಗಿಸುತ್ತಾರೆ. ಹಲಗೆಯನ್ನು ಮಾತ್ರ ಬಿಚ್ಚುವುದಿಲ್ಲ.

ಲೆಕ್ಕ ವ್ಯಾನ್ ಹತ್ತಿದ್ದು ಮಗಳ ಮೂಲಕ. ಅವಳಾಗ ಎಂಟನೇ ತರಗತಿ. ಅಪ್ಪನ ವ್ಯಾನಿನಲ್ಲೇ ಮುಂದಿನ ಸೀಟಿನಲ್ಲಿ ಕೂತು, ಬಾರದ ಲೆಕ್ಕವೊಂದನ್ನು ಹಿಡಿದು ಗೊಣಗುತ್ತಿದ್ದಳು. ಏನೆಂದು ಕೇಳಿದರೆ ಗಾಡಿ ಓಡುತ್ತಿರುವಾಗಲೇ ಗಡಗಡನೆ ಓದತೊಡಗಿದಳು. ರಸ್ತೆ ನೋಡಬೇಕೋ ಲೆಕ್ಕ ಕೇಳಬೇಕೋ ತಿಳಿಯದೆ, ಮಾಮ ಒಂದು ಕರಾರು ಹಾಕಿದರು: ಗಾಡಿ ನಿಂತಾಗ ಒಂದು ಸಾಲು ಹೇಳು, ಮುಂದಿನ ಸ್ಟಾಪಿನವರೆಗೆ ಇಬ್ಬರೂ ಅದನ್ನೇ ಅಗಿಯೋಣ. ಏಳನೇ ಸ್ಟಾಪಿನ ಹೊತ್ತಿಗೆ ಲೆಕ್ಕ ಮಣಿಯಿತು. ಹಿಂದಿನ ಸೀಟಿನವರು ನಮ್ಮದೂ ಒಂದು ಎಂದರು. ಮಗಳು ಈಗ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳು ಹುಟ್ಟುಹಾಕಿದ ಪದ್ಧತಿ ವ್ಯಾನಿನಲ್ಲೇ ಉಳಿದಿದೆ.

“ನಾನು ಹೇಳಿಕೊಡ್ತೀನಿ ಅಂತ ಬರೀಬೇಡಿ. ನನಗೆ ಗೊತ್ತಿಲ್ಲ ಅನ್ನೋದು ಮಕ್ಕಳಿಗೆ ಗೊತ್ತು. ಗೊತ್ತಿಲ್ಲದೋನಿಗೆ ಅರ್ಥ ಆಗೋಂಗೆ ಹೇಳ್ಬೇಕಲ್ಲ, ಅದಕ್ಕೆ ಅವ್ರಿಗೇ ಅರ್ಥ ಆಗುತ್ತೆ” ಎನ್ನುತ್ತಾರೆ ಮಾಮ.

ಸಮೀಕರಣ ಎಂದರೇನು ಎಂದು ಚಿಕ್ಕವರು ಕೇಳಿದರೆ ಮಾಮನ ಉತ್ತರ ವ್ಯಾನಿನಲ್ಲೇ ಇದೆ. ಎಡಸಾಲಿನಲ್ಲಿ ಎಷ್ಟು ಭಾರವೋ ಬಲಸಾಲಿನಲ್ಲೂ ಅಷ್ಟೇ ಭಾರ. ಎಡಗಡೆಯಿಂದ ಇಬ್ಬರನ್ನು ಇಳಿಸಿದರೆ ಬಲಗಡೆಯಿಂದಲೂ ಇಬ್ಬರು ಇಳಿಯಬೇಕು, ಇಲ್ಲದಿದ್ದರೆ ಗಾಡಿ ವಾಲುತ್ತದೆ. ತ್ರಿಕೋನದ ಹೊರಕೋನಗಳನ್ನು ಕೂಡಿಸಿದರೆ ಮುನ್ನೂರ ಅರವತ್ತು ಡಿಗ್ರಿ ಎನ್ನುವುದು ಯಾರ ತಲೆಗೂ ಇಳಿಯದಿದ್ದಾಗ, ಮೂರು ರಸ್ತೆಗಳ ನಡುವಿನ ಮೂರು ಮೂಲೆಯ ಪಾರ್ಕಿನ ಸುತ್ತ ವ್ಯಾನನ್ನು ಒಂದು ಸುತ್ತು ಹಾಕಿಸಿದರು. ಹೊರಟಾಗ ವ್ಯಾನಿನ ಮೂತಿ ನೀರಿನ ಟ್ಯಾಂಕಿನ ಕಡೆ ಇತ್ತು. ಮೂರು ಮೂಲೆಯಲ್ಲಿ ಮೂರು ಸಲ ತಿರುಗಿ ವಾಪಸು ಬಂದಾಗಲೂ ಟ್ಯಾಂಕಿನ ಕಡೆಯೇ ಇತ್ತು. ಹಾಗಾದರೆ ಗಾಡಿ ಒಟ್ಟು ಎಷ್ಟು ತಿರುಗಿತು ಎಂದು ಕೇಳಿದರು. ಒಂದು ಪೂರ್ತಿ ಸುತ್ತು ಎಂದು ಹದಿನೈದು ಗಂಟಲು ಒಟ್ಟಿಗೆ ಹೇಳಿದವು. ನಾಲ್ಕು ಮೂಲೆಯ ಮೈದಾನ ಸುತ್ತಿದರೂ ಅಷ್ಟೇನಾ ಎಂದು ಯಾರೋ ಕೇಳಿದರು. ಡೀಸೆಲ್ ನಿಮ್ಮಪ್ಪ ಹಾಕಿಸಿದರೆ ನೋಡೋಣ ಎಂದರಂತೆ ಮಾಮ.

ಪದ್ಧತಿ ಇದ್ದ ಮೇಲೆ ಅದಕ್ಕೊಂದು ಎಡವಟ್ಟೂ ಇರಬೇಕಲ್ಲ. ಒಂದು ಆಯತದ ಉದ್ದ ಅದರ ಅಗಲಕ್ಕಿಂತ ನಾಲ್ಕು ಮೀಟರ್ ಹೆಚ್ಚು, ಸುತ್ತಳತೆ ನಲವತ್ತು ಮೀಟರ್, ಉದ್ದವೆಷ್ಟು ಅಗಲವೆಷ್ಟು ಎನ್ನುವುದು ಒಂದು ದಿನದ ಲೆಕ್ಕ. ಮೊದಲ ಸ್ಟಾಪಿನವನು ಅಗಲ x ಇರಲಿ ಎಂದು ಬರೆದ. ಎರಡನೆಯವಳು ಉದ್ದ x + 4 ಎಂದಳು. ಮೂರನೆಯವನು ಎರಡನ್ನೂ ಕೂಡಿಸಿ, ಸುತ್ತಳತೆಗಾಗಿ ಇಮ್ಮಡಿ ಮಾಡಿ, 2(2x + 4) = 40 ಎಂದು ಇಟ್ಟ. ನಾಲ್ಕನೇ ಸ್ಟಾಪಿನಲ್ಲಿ ಅವಳಿ ಅಣ್ಣತಮ್ಮಂದಿರು ಹತ್ತಬೇಕು. ಎರಡೂ ಕಡೆ ಎರಡರಿಂದ ಭಾಗಿಸಿ 2x + 4 = 20 ಎಂದು ಬರೆಯುವುದು ಅವರ ಪಾಲು. ಆವತ್ತು ಇಬ್ಬರಿಗೂ ಒಟ್ಟಿಗೆ ಜ್ವರ. ಐದನೇ ಸ್ಟಾಪಿನವಳು ಅಭ್ಯಾಸಬಲದಿಂದ ತನ್ನ ಕೆಲಸ ಮಾಡಿದಳು, ನಾಲ್ಕನ್ನು ಕಳೆದಳು. ಕಂಸದೊಳಗಿನ ನಾಲ್ಕನ್ನು ತೆಗೆದು ಈಚೆ ನಲವತ್ತರಲ್ಲಿ ಕಳೆದಳು. ಮೂವತ್ತಾರಾಯಿತು. ಕೊನೆಗೆ ಅಗಲ ಒಂಬತ್ತು, ಉದ್ದ ಹದಿಮೂರು. ಗೇಟಿನ ಮುಂದೆ ತಾಳೆ ನೋಡಿದರೆ ಸುತ್ತಳತೆ ನಲವತ್ತನಾಲ್ಕು. ಲೆಕ್ಕಕ್ಕೂ ಜ್ವರ ಬಂದಿದೆ ಎಂದು ಎಲ್ಲರೂ ನಕ್ಕರು. ಮರುದಿನ ಭಾಗಿಸಿದ ಮೇಲೆ ಕಳೆದರೆ ಸರಿಯಾಗಿ ಎಂಟು, ಹನ್ನೆರಡು ಬಂತು. ಯಾರು ಬರದಿದ್ದರೂ ಅವರ ಸಾಲನ್ನು ಪಕ್ಕದವರು ಬರೆಯಬೇಕು ಎಂಬ ನಿಯಮ ಅಂದಿನಿಂದ ಜಾರಿಗೆ ಬಂತು.

ಅದು ಕಣ್ಣಿಗೆ ಕಂಡ ತಪ್ಪು. ಕಾಣದ ತಪ್ಪೊಂದು ಏಳನೇ ಸ್ಟಾಪಿನಲ್ಲಿ ಬೆಳೆಯುತ್ತಿತ್ತು.

ಏಳನೆಯದು ಶಾಲೆಗೆ ಕೂಗಳತೆ. ನಡುವೆ ಲಾರಿಗಳು ನುಗ್ಗುವ ದೊಡ್ಡ ರಸ್ತೆ ಇರುವುದರಿಂದಷ್ಟೇ ಅಲ್ಲಿಯ ಹುಡುಗಿ ವ್ಯಾನ್ ಹತ್ತುತ್ತಿದ್ದಳು. ಅವಳು ಹತ್ತುವ ಹೊತ್ತಿಗೆ ಹಲಗೆಯ ಮೇಲೆ ಆರು ಸಾಲು ತುಂಬಿರುತ್ತಿತ್ತು. ಅವಳು ಕಣ್ಣಾಡಿಸಿ, ಉತ್ತರ ಬರೆದು, ತಾಳೆ ನೋಡಿ, ಕೈ ಝಾಡಿಸುವಷ್ಟರಲ್ಲಿ ಗೇಟು. ಹೀಗೆ ಮೂರು ವರ್ಷ. ಉತ್ತರಕ್ಕ ಎಂಬ ಹೆಸರು ಬಂದದ್ದೇ ಹಾಗೆ. ಇಡೀ ವ್ಯಾನಿನಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ ಎಂದು ಮಾಮನೂ ನಂಬಿದ್ದರು.

ವಾರ್ಷಿಕ ಪರೀಕ್ಷೆಯಲ್ಲಿ ಅವಳು ಫೇಲಾದಾಗ ನಂಬಲಾಗದೆ ಶಾಲೆಯ ಗಣಿತದ ಟೀಚರನ್ನು ಗೇಟಿನಲ್ಲಿ ನಿಲ್ಲಿಸಿ ಕೇಳಿದರು. ಈ ಟೀಚರ್ ಹಲಗೆಯ ಹಳೆಯ ಹಿತೈಷಿ. ಮಕ್ಕಳು ಬರೆದ ಸಾಲುಗಳನ್ನು ಗೇಟಿನಲ್ಲಿ ಕಿಟಕಿಯಿಂದ ಇಣುಕಿ ನೋಡಿ ತಿದ್ದಿದವರು, ಮಾಮನಿಗೂ ಎಷ್ಟೋ ಸಂಜೆ ಬಿಡಿಸಿ ಹೇಳಿದವರು. ಅವರಿಗೂ ಅದೇ ಕಳವಳ. ಮೊದಲೆರಡು ಸಾಲು ಕೊಟ್ಟು ಮುಂದುವರಿಸಿ ಎಂದು ಕೇಳಿದ ಪ್ರಶ್ನೆಗಳಿಗೆ ಹುಡುಗಿ ಪೂರ್ತಿ ಅಂಕ ತೆಗೆದಿದ್ದಳು. ಬರೀ ಪ್ರಶ್ನೆ ಇದ್ದ ಕಡೆಯೆಲ್ಲ ಹಾಳೆ ಖಾಲಿ. ಯಾಕೆ ಎಂದು ಟೀಚರ್ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಮಾಮನಿಗೆ ಹಾಗೆಯೇ ಹೇಳಿದರು: “ಯಾರಾದ್ರೂ ಶುರು ಮಾಡಿಕೊಟ್ರೆ ನಾನು ಮುಗಿಸ್ತೀನಿ ಮಿಸ್.”

“ಇಳಿಜಾರಲ್ಲಿ ಬ್ರೇಕ್ ಸಿಗದೇ ಇದ್ದಂಗಾಯ್ತು” ಎಂದು ಮಾಮ ಆ ಸಂಜೆಯನ್ನು ನೆನೆಯುತ್ತಾರೆ. “ಮಗು ದಡ್ಡಿ ಅಲ್ಲ. ನನ್ನ ರೂಟು ಅದನ್ನ ಕೊನೇಲಿ ಹತ್ತಿಸ್ಕೊಳ್ತಿತ್ತು, ಅಷ್ಟೆ.”

ಲೆಕ್ಕವನ್ನು ಏಳನೇ ಸ್ಟಾಪಿನಲ್ಲೇ ಶುರು ಮಾಡೋಣ ಎಂದು ಮೊದಲು ನೋಡಿದರು. ಚಾಕ್‌ಪೀಸ್ ಕೈಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ಸಂಜೆ ವಾಪಸು ಬರುವಾಗ ಮಾಡಿದರೆ ಅರ್ಧ ಮಕ್ಕಳು ತೂಕಡಿಸಿದರು, ಮಿಕ್ಕರ್ಧ ಜಗಳವಾಡಿದರು. ಸಂಜೆ ಮೊದಲು ಇಳಿಯುವವಳೂ ಅವಳೇ. ಊಟ ಬಡಿಸುತ್ತಿದ್ದ ಹೆಂಡತಿಯ ಮುಂದೆ ಈ ತಲೆನೋವು ಬಿಚ್ಚಿಟ್ಟಾಗ ಅವರು, ಬಟ್ಟೆಯ ಒಂದು ಮಗ್ಗುಲಲ್ಲಿ ಹೊಲಿಗೆ ಕೂರದಿದ್ದರೆ ತಿರುಗಿಸಿ ಹಾಕಿ ಹೊಲಿಯುವುದಿಲ್ಲವೇ ಎಂದರು. ಮಾಮ ಕೈತೊಳೆದು ಎದ್ದರು. ದಾರಿ ಹೇಗೂ ಬಳೆಯ ಹಾಗೆ ದುಂಡಗೆ, ಶಾಲೆಯ ಒಂದು ಪಕ್ಕದಿಂದ ಹೊರಟು ಇನ್ನೊಂದು ಪಕ್ಕಕ್ಕೆ ಬಂದು ಸೇರುವಂಥದ್ದು. ಉಲ್ಟಾ ಓಡಿಸಿದರಾಯಿತು.

ಹೇಳಿದಷ್ಟು ಸಲೀಸಾಗಲಿಲ್ಲ. ಮೊದಲ ಸ್ಟಾಪಿನವರಿಗೇನೋ ಅರ್ಧ ಗಂಟೆ ಹೆಚ್ಚು ನಿದ್ದೆ ಸಿಕ್ಕಿತು. ಆರನೇ ಸ್ಟಾಪಿನ ಮನೆಗಳಲ್ಲಿ ಬೆಳಗ್ಗೆ ಗಲಾಟೆ ಎದ್ದಿತು. ಅಲ್ಲಿಯ ತಂದೆಯೊಬ್ಬರು, ಬ್ಯಾಂಕಿನ ನೌಕರರು, ಮಾಮನಿಗೆ ನೇರವಾಗಿಯೇ ಕೇಳಿದರು: “ನಾವು ಹಣ ಕೊಡೋದು ಮಕ್ಕಳನ್ನ ಶಾಲೆಗೆ ಬಿಡೋಕೆ ತಾನೆ? ಶಾಲೆ ನಡೆಸೋಕಲ್ವಲ್ಲ?” ಅವರ ಮಾತಿನಲ್ಲೂ ನ್ಯಾಯವಿತ್ತು, ಮಾಮ ವಾದಿಸಲಿಲ್ಲ. ಎರಡು ಮನೆಯವರು ಬೇರೆ ವ್ಯಾನು ನೋಡಿಕೊಂಡರು. ಆ ತಿಂಗಳು ಡೀಸೆಲ್ ಹಾಕಿಸಲು ಹೆಂಡತಿಯ ಹೊಲಿಗೆಯ ದುಡ್ಡಿಗೆ ಕೈಹಾಕಬೇಕಾಯಿತು. ಉತ್ತರಕ್ಕನ ಅಮ್ಮನಿಗೆ ಮಾತ್ರ ಇದು ಅಚ್ಚರಿಯ ಅನುಕೂಲ. ಕಾರ್ಖಾನೆಯ ಬೆಳಗಿನ ಪಾಳಿಗೆ ಹೊರಡುವಾಗ ಮಗಳನ್ನು ಒಬ್ಬಳನ್ನೇ ಬಿಟ್ಟು ಬೀಗ ಹಾಕಿಕೊಂಡಿರು ಎನ್ನುವುದು ತಪ್ಪಿತು. “ಎದುರಿಗಿರೋ ಶಾಲೆಗೆ ಊರೆಲ್ಲಾ ಸುತ್ಕೊಂಡು ಹೋಗ್ತಾಳೆ. ಮೂಗು ತೋರ್ಸೋಕೆ ತಲೆ ಸುತ್ತಿ ಕೈ ತಂದಂಗೆ” ಎಂದು ಅವರು ನಗುತ್ತಾರೆ. ಆದರೂ ಮಗಳನ್ನು ಹತ್ತಿಸಲು ಐದು ನಿಮಿಷ ಮೊದಲೇ ಬಂದು ನಿಲ್ಲುತ್ತಾರೆ.

ಉಲ್ಟಾ ಓಡಿದ ಮೊದಲ ದಿನ ಹುಡುಗಿ ಹಲಗೆಯ ಮುಂದೆ ನಿಂತೇ ಇದ್ದಳು. ಹೊತ್ತಾಗುತ್ತಿದ್ದಂತೆ ಖಾಲಿ ಹಲಗೆಯನ್ನೇ ಹೊತ್ತು ವ್ಯಾನು ಹೊರಟಿತು. ಮುಂದಿನ ಸ್ಟಾಪಿನಲ್ಲಿ ಹತ್ತಿದವರು ಇವತ್ತು ಲೆಕ್ಕ ಇಲ್ಲವೇ ಎಂದರು. ಇದೆ, ಇನ್ನೂ ಶುರುವಾಗಿಲ್ಲ ಎಂದರು ಮಾಮ. ಅವಳ ಸಾಲನ್ನು ಬೇರೆಯವರು ಬರೆಯಕೂಡದು, ಅವಳು ಗೈರುಹಾಜರಾಗಿಲ್ಲವಲ್ಲ, ಹಾಜರಿದ್ದಾಳೆ. ಹಲಗೆ ಹಾಗೇ ಗೇಟು ತಲುಪಿತು. ಎರಡನೇ ದಿನವೂ ಅದೇ ಆಯಿತು. ಉತ್ತರಕ್ಕ ಈಗ ನಿರುತ್ತರಕ್ಕ ಎಂದು ಹಿಂದಿನಿಂದ ಯಾರೋ ಅಂದರು. ಅಂದವನು ಮುಂದಿನ ಸ್ಟಾಪಿನವರೆಗೆ ಮಾಮನ ಪಕ್ಕದ ಸೀಟಿನಲ್ಲಿ, ಬಿಸಿ ಎಂಜಿನ್ನಿನ ಮೇಲೆ ಕಾಲಿಟ್ಟುಕೊಂಡು ಕೂರಬೇಕಾಯಿತು.

ಮೂರನೇ ದಿನ ಎರಡನೇ ಸ್ಟಾಪಿನಲ್ಲೂ ಹಲಗೆ ಖಾಲಿಯೇ ಇದ್ದಾಗ ಹುಡುಗಿಯ ಕಣ್ಣು ತುಂಬಿತು. ಗೊತ್ತಿಲ್ಲದ್ದನ್ನು ಬರೆಯುವುದು ಹೇಗೆ ಎಂದಳು. ಮಾಮ ಸ್ಟಿಯರಿಂಗಿನಿಂದ ಹಿಂದಕ್ಕೆ ತಿರುಗಿದರು. ಲೆಕ್ಕದ ಹೊತ್ತಿನಲ್ಲಿ ಅವರು ತಿರುಗಿದ್ದು ಅದೇ ಮೊದಲು ಎಂದು ಮಕ್ಕಳು ಸಾಕ್ಷಿ ಹೇಳುತ್ತಾರೆ.

“ಮೂರು ವರ್ಷ ನೀನು ಕೊನೇಲಿ ಹತ್ತುತಿದ್ದೆ. ನೀನು ಬರೋವರೆಗೂ ಆ ಕಿಟಕಿ ಸೀಟು ಖಾಲಿ ಇರ್ತಿತ್ತು. ಯಾರನ್ನೂ ಕೂರೋಕೆ ಬಿಡ್ತಿರ್ಲಿಲ್ಲ. ಯಾಕೆ? ನೀನು ಬಂದಿರ್ಲಿಲ್ಲ, ಆದ್ರೆ ಬರ್ತೀಯ ಅಂತ ಗೊತ್ತಿತ್ತು. ಎಕ್ಸ್ ಅಂದ್ರೂ ಅಷ್ಟೇ ಕಣವ್ವ. ಇನ್ನೂ ಬಂದಿಲ್ಲ, ಬರುತ್ತೆ. ಈಗ ಒಂದು ಸೀಟು ಬಿಟ್ಟಿಡು, ಸಾಕು.”

ಹುಡುಗಿ ಮೂಗೊರೆಸಿಕೊಂಡು ಹಲಗೆಯ ತುದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಳು: ಅಗಲ x ಇರಲಿ. ಆವತ್ತಿನ ಲೆಕ್ಕದಲ್ಲಿ ಅಗಲವೇ ಇರಲಿಲ್ಲ. ಅಮ್ಮ ಮಗಳ ವಯಸ್ಸಿನ ಲೆಕ್ಕ ಅದು. ಯಾರೂ ನಗಲಿಲ್ಲ. ಮುಂದಿನ ಸ್ಟಾಪಿನವಳು ‘ಅಗಲ’ ಎನ್ನುವುದನ್ನಷ್ಟೇ ಒರೆಸಿ ‘ಮಗಳ ವಯಸ್ಸು’ ಎಂದು ತಿದ್ದಿ, ಕೆಳಗೆ ತನ್ನ ಸಾಲು ಬರೆದಳು.

ಇದು ಏಳು ವಾರದ ಹಿಂದಿನ ಮಾತು. ಇವತ್ತು ಎಂಜಿನ್ ಆರಿಸಿ ಕಾಯುವ ಮಾಮ ಹೆಚ್ಚು ಕಾಯಬೇಕಾಗಿಲ್ಲ. ಚಾಕ್‌ಪೀಸಿನ ಸದ್ದು ಕೇಳಿದ ತಕ್ಷಣ ಅವರ ಕೈ ಕೀಲಿಯ ಮೇಲಿದೆ. ನಾಲ್ಕನೇ ಸ್ಟಾಪಿನಲ್ಲಿ ಹತ್ತಿದ ಅವಳಿಗಳು ಎಂದಿನಂತೆ ಗೊಣಗುತ್ತಾರೆ. ಅವರ ಗೊಣಗಾಟಕ್ಕೆ ಈಗ ಕಿವಿಗೊಡಲು ಪುರುಸೊತ್ತಿಲ್ಲ. ವ್ಯಾನಿನ ತುಂಬ ಸೋಮವಾರದ್ದೇ ಮಾತು.

ಸೋಮವಾರ ಪರೀಕ್ಷೆ ಮುಗಿಯುವ ಹೊತ್ತಿಗೆ ಮಾಮ ಗೇಟಿನ ಎದುರು ವ್ಯಾನಿನ ಚಕ್ರವನ್ನು ಸುಮ್ಮಸುಮ್ಮನೆ ಒದ್ದು ನೋಡುತ್ತಿದ್ದಾರೆ. ಗಾಳಿ ಸರಿಯಾಗಿಯೇ ಇದೆ. ಪಕ್ಕದಲ್ಲಿ ಅರ್ಧ ದಿನದ ರಜೆ ಹಾಕಿ ಬಂದ ತಾಯಿ, ಸೆರಗಿನಲ್ಲಿ ಇನ್ನೂ ನೂಲಿನ ಚೂರು. ಹುಡುಗಿ ಹೊರಗೆ ಬರುತ್ತಾಳೆ. ಮುಖ ನೋಡಿ ಏನೂ ಹೇಳಲಾಗುವುದಿಲ್ಲ.

“ಎಲ್ಲಾನೂ ನಾನೇ ಶುರು ಮಾಡ್ದೆ ಮಾಮ” ಎನ್ನುತ್ತಾಳೆ. ಪೆನ್ನಿನ ಮುಚ್ಚಳ ಒತ್ತುತ್ತ, “ಕೊನೇದಕ್ಕೆ ಉತ್ತರ ಬರಿಯೋಕೆ ಟೈಮ್ ಸಾಲ್ಲಿಲ್ಲ.”

ಉತ್ತರಕ್ಕ ಉತ್ತರವನ್ನೇ ಬಿಟ್ಟು ಬಂದಳು ಎಂಬ ಸುದ್ದಿ ಮರುದಿನ ವ್ಯಾನಿನಲ್ಲಿ ಏಳೂ ಸ್ಟಾಪಿಗೆ ನಗು ಹಂಚುತ್ತದೆ. ಹೆಜ್ಜೆಗಳಿಗೂ ಅಂಕವಿದೆ ಎಂದು ಟೀಚರ್ ಸಮಾಧಾನ ಹೇಳುತ್ತಾರೆ. ಶುಕ್ರವಾರ ಫಲಿತಾಂಶ ಬರುತ್ತದೆ. ಪಾಸು. ಹಾರಿ ಕುಣಿಯುವಂಥ ಅಂಕವೇನಲ್ಲ, ಬೆಂಚು ಉಳಿಸಿಕೊಳ್ಳುವಷ್ಟು. ತಾಯಿ ಕಾರ್ಖಾನೆಯಿಂದ ಮಾಮನಿಗೆ ಫೋನ್ ಮಾಡುತ್ತಾರೆ. ಮಷೀನುಗಳ ಸದ್ದಿನಲ್ಲಿ ಏನು ಹೇಳಿದರೋ ಅರ್ಧ ಕೇಳಿಸುವುದಿಲ್ಲ. ಆ ಪಕ್ಕದ ಮಷೀನಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಮೇಸ್ತ್ರಿಗೆ ಹೇಳಿದೆ ಎನ್ನುವುದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

ಈಗ ವ್ಯಾನು ಒಂದು ವಾರ ಮುಂದಕ್ಕೆ, ಒಂದು ವಾರ ಉಲ್ಟಾ ಓಡಬೇಕು ಎಂದು ಗೊತ್ತುಮಾಡಿದ್ದಾರೆ. ಎಲ್ಲ ಮನೆಗೂ ನಿದ್ದೆ ಸಮಪಾಲು. ಬೇರೆ ವ್ಯಾನಿಗೆ ಹೋಗಿದ್ದ ಎರಡು ಮನೆಗಳಲ್ಲಿ ಒಂದು ವಾಪಸು ಬಂದಿದೆ. ಬ್ಯಾಂಕಿನವರ ಮನೆಯೇ ಅದು. ಅಲ್ಲಿಯ ಮಗನಿಗೆ ಹೊಸ ವ್ಯಾನಿನಲ್ಲಿ ಬೇಸರವಾಯಿತಂತೆ. ಇನ್ನೇನು ಆಸೆಯಿದೆ ಎಂದು ಕೇಳಿ, ಮಾಮ ಹೊಸ ಕ್ಲಚ್ಚು ಎನ್ನುತ್ತಾರೆಂದು ಎಣಿಸಿದರೆ, ಅವರು ಹಿಂದಿನ ಸೀಟಿನ ಅವಳಿಗಳ ಕಡೆ ಬೆರಳು ತೋರಿಸುತ್ತಾರೆ.

“ಇವ್ರದ್ದೊಂದು ಸರಿ ಮಾಡ್ಬೇಕು. ಏಳು ಸ್ಟಾಪಲ್ಲಿ ನಾಲ್ಕನೇದು, ಈ ಕಡೆಯಿಂದ ಎಣಿಸಿದ್ರೂ ನಾಲ್ಕು, ಆ ಕಡೆಯಿಂದ ಎಣಿಸಿದ್ರೂ ನಾಲ್ಕು. ಗಾಡಿ ಹೆಂಗೆ ಓಡಿಸಿದ್ರೂ ಪಾಪ ಇವ್ರಿಗೆ ಮೊದಲ್ನೇ ಸಾಲೂ ಇಲ್ಲ, ಕೊನೇ ಸಾಲೂ ಇಲ್ಲ.”

“ಯಾವಾಗ್ಲೂ ಭಾಗಿಸೋದೇ” ಎಂದು ಅವಳಿಗಳು ಒಂದೇ ದನಿಯಲ್ಲಿ ಹೇಳುತ್ತಾರೆ.

ಇದಕ್ಕೇನು ಪರಿಹಾರ ಎನ್ನುವುದು ಮಾಮನಿಗೆ ಗೊತ್ತಿಲ್ಲ. ದಾರಿ ಬಳೆಯಂತೆ ದುಂಡಗಿದೆ, ಎಲ್ಲಿಂದ ಬೇಕಾದರೂ ಹೊರಡಬಹುದು. ಆದರೆ ಡೀಸೆಲ್ಲು, ಹೊತ್ತು, ಅಪ್ಪಂದಿರ ಸಿಟ್ಟು ಎಲ್ಲವನ್ನೂ ತೂಗಬೇಕು. ಅವರು ಹೀಗೆ ಯೋಚಿಸುತ್ತ ಶಾಲೆಯ ಗೇಟಿನ ಮುಂದೆ ಗಾಡಿ ನಿಲ್ಲಿಸುತ್ತಾರೆ. ಮಕ್ಕಳು ದಬದಬನೆ ಇಳಿಯುತ್ತಾರೆ. ಉತ್ತರಕ್ಕ ಇಳಿಯುವುದಿಲ್ಲ. ಬಟ್ಟೆಯಲ್ಲಿ ಹಲಗೆಯನ್ನು ಒರೆಸಿ, ಯಾರೂ ಕೇಳದಿದ್ದರೂ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರೆದು, ಚೀಲ ಹೆಗಲಿಗೇರಿಸಿ ಓಡುತ್ತಾಳೆ.

ಹೊರಡುವ ಸ್ಟಾಪು x ಇರಲಿ.

ಮಾಮ ಸ್ಟಿಯರಿಂಗ್ ಬಿಟ್ಟು ಹಿಂದಕ್ಕೆ ಬಂದು, ಕಬ್ಬಿಣದ ಪಟ್ಟಿಯ ಮೊಣಕಾಲನ್ನು ನೀವಿಕೊಳ್ಳುತ್ತ ಆ ಸಾಲಿನ ಮುಂದೆ ಕೂರುತ್ತಾರೆ. ಒರೆಸುವ ಬಟ್ಟೆ ಪಕ್ಕದಲ್ಲೇ ಇದೆ. ಅದನ್ನು ಮಡಿಸಿ ಸೀಟಿನ ಕೆಳಗೆ ತಳ್ಳುತ್ತಾರೆ.

“ಶುರು ಮಾಡಿದ್ಲು ನೋಡಿ” ಎನ್ನುತ್ತಾರೆ. “ಉಳಿದದ್ದು ನಾಳೆ ಹತ್ತುತ್ತೆ.”